ಮಲ್ಲಿಗೆ ಬಿಳಿಯ ಒಂಬತ್ತು ಲಡಿ

ನಮಗೆಲ್ಲ ಬಿಳಿ ಎಂದರೆ ಬಿಳಿ. ಅಂಗಿ ಬಿಳಿ, ಗೋಡೆ ಬಿಳಿ, ವಯಸ್ಸಾದ ಮೇಲೆ ಮೀಸೆ ಬಿಳಿ. ಅಷ್ಟಕ್ಕೆ ನಮ್ಮ ಜ್ಞಾನ ಮುಗಿಯುತ್ತದೆ. ದೊಡ್ಡಬಳ್ಳಾಪುರದ ಬಣ್ಣದ ಮುನಿರಾಮಯ್ಯನವರಿಗೆ ಮಾತ್ರ ಬಿಳಿ ಏಳು. ಮೊದಲನೆಯದು ಮಲ್ಲಿಗೆ. ಅದಕ್ಕಿಂತ ಒಂದು ಗುಕ್ಕು ಕಮ್ಮಿಯಾದರೆ ಹಾಲು. ಆಮೇಲೆ ಮಜ್ಜಿಗೆ, ಅಕ್ಕಿ ತೊಳೆದ ಅಕ್ಕಚ್ಚು, ಹಳೇ ಪಂಚೆ, ಒಲೆಬೂದಿ, ಕೊನೆಗೆ ಪಾರಿವಾಳದ ಎದೆ. ಈ ಏಳನೆಯದನ್ನು ನಾವು ನೀವು ಬಿಳಿ ಎಂದು ಕರೆಯುವುದೇ ಇಲ್ಲ. ಅವರು ಮಾತ್ರ ಅದಕ್ಕೂ ಬಿಳಿಯ ಮರ್ಯಾದೆ ಕೊಡುತ್ತಿದ್ದರು.

ಅವರ ಕಸುಬು ರೇಷ್ಮೆ ನೂಲಿನ ಲಡಿಯನ್ನು, ಅಂದರೆ ಸುರುಳಿಗಟ್ಟಿದ ಕಟ್ಟನ್ನು, ಸೋಪು ನೀರಿನಲ್ಲಿ ಕುದಿಸಿ, ಗೋಂದು ಬಿಡಿಸಿ, ಮಗ್ಗದವರು ಕೇಳಿದ ಬಣ್ಣ ಹಾಕಿ ಕೊಡುವುದು. ಹನ್ನೊಂದನೆಯ ವಯಸ್ಸಿಗೆ ಶಾಲೆ ಬಿಡಿಸಿ ಅವರಪ್ಪ ಹಂಡೆಯ ಮುಂದೆ ನಿಲ್ಲಿಸಿದ್ದರು. ಪಾಠ ಎರಡೇ. ಬಣ್ಣ ನೋಡುವುದಿದ್ದರೆ ಬೆಳಗಿನ ಬಿಸಿಲಿನಲ್ಲಿ, ಹೊಟ್ಟೆಗೆ ಏನೂ ಬೀಳುವ ಮುಂಚೆ ನೋಡಬೇಕು. ತಿಂದವನ ಕಣ್ಣು ಸೋಮಾರಿ ಎಂಬುದು ಅಪ್ಪನ ಸಿದ್ಧಾಂತ. ಎರಡನೆಯದು, ಪಾರ್ಟಿಯ ನೂಲಿನಲ್ಲಿ ಒಂದು ಎಳೆಯನ್ನೂ ಮನೆಯಲ್ಲಿ ಉಳಿಸಿಕೊಳ್ಳಬಾರದು. ನೂಲು ತಂದುಕೊಟ್ಟವನು ಪಾರ್ಟಿ. ಬಣ್ಣ ನಮ್ಮದು, ನೂಲು ಅವನದು. ನೆಲಕ್ಕೆ ಉದುರಿದ ತುಂಡನ್ನೂ ಗುಡಿಸಿ, ಉಂಡೆ ಕಟ್ಟಿ, ಲಡಿಯ ಜೊತೆಗೆ ವಾಪಸು ಕೊಡಬೇಕು.

ಐವತ್ತು ದಾಟಿದರೂ ಮುನಿರಾಮಯ್ಯನವರು ಈ ಎರಡು ಪಾಠದಿಂದ ಒಂದು ಅಂಗುಲ ಆಚೀಚೆ ಹೋಗಿರಲಿಲ್ಲ. ಅವರ ಎಡಗೈಯ ಉಗುರು ನೋಡಿದರೆ ಆ ವಾರ ಊರಲ್ಲಿ ಯಾವ ಬಣ್ಣದ ಸೀರೆ ಓಡುತ್ತಿದೆ ಎಂದು ಹೇಳಬಹುದಿತ್ತು. ಹೊಸಕೋಟೆಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯ ಮುಖ ನೋಡುತ್ತಿದ್ದರೆ ಇವರು ಸೆರಗು ನೋಡಿ, "ಬಣ್ಣ ಎರಡು ಕುದಿ ಕಮ್ಮಿಯಾಗಿದೆ" ಅಂದರಂತೆ. ಆ ಹುಡುಗಿ, ಅಂದರೆ ರುಕ್ಮಿಣಮ್ಮ, ಮೂವತ್ತು ವರ್ಷವಾದರೂ ಅದನ್ನು ಮರೆತಿರಲಿಲ್ಲ. "ಕುದಿಸಕ್ಕೇ ಕರ್ಕೊಂಡ್ ಬಂದ್ರಲ್ಲ, ಕುದೀತಾ ಇದೀನಿ" ಎನ್ನುತ್ತಿದ್ದರು.

ಅವರಿದ್ದ ಬೀದಿಯಲ್ಲಿ ಹದಿನೇಳು ಮನೆ. ಅವರದೊಂದು ಬಿಟ್ಟು ಎಲ್ಲ ಮನೆಯಲ್ಲೂ ಮಗ್ಗ. ಬೀದಿಯ ಹೆಸರುವಾಸಿ ಮಾಲು ಧಾರೆ ಸೀರೆ, ಒಡಲೆಲ್ಲ ಬಿಳಿ, ಅಂಚು ಮಾತ್ರ ಕೆಂಪು. ಅಂಥ ಸೀರೆಗೆ ಬಿಳಿಯೇ ಜೀವ. ಬಿಳಿಯ ವಿಷಯದಲ್ಲಿ ಎರಡು ಮನೆಗೆ ತಕರಾರಾದರೆ ಮುನಿರಾಮಯ್ಯನವರನ್ನು ಕರೆಯುತ್ತಿದ್ದರು. ಅವರು ಬಂದು, ಬಿಸಿಲಿಗೆ ಹಿಡಿದು, ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಹಾಲು." ಅಥವಾ, "ಅಕ್ಕಚ್ಚು." ತಕರಾರು ಮುಗಿಯಿತು. ಒಮ್ಮೆ ತಾವೇ ಕುದಿಸಿದ ನೂಲನ್ನು ನೋಡಿ "ಮಜ್ಜಿಗೆ. ತಪ್ಪು ನಂದು" ಎಂದು ಹೇಳಿ ಪೂರ್ತಿ ಮತ್ತೆ ಕುದಿಸಿಕೊಟ್ಟಿದ್ದರು. ಆಮೇಲೆ ಅವರ ಮಾತಿಗೆ ಮೇಲ್ಮನವಿ ಇರಲಿಲ್ಲ. ಅವರಲ್ಲಿದ್ದ ಒಂದೇ ಆಸ್ತಿ ಅದು. ಮನೆ ಕೂಡ ಬಾಡಿಗೆಯದು.

ತೊಂಬತ್ತಾರರಲ್ಲಿ ಬೀದಿಯ ಹಿಂದಿನ ಬಯಲಿಗೆ ಬೆಂಗಳೂರಿನ ಒಂದು ಕಂಪನಿ ಬಂತು. ಮದುವೆ ಮನೆಯ ಬಾಣಲೆಯನ್ನು ಆಕಾಶಕ್ಕೆ ಮುಖ ಮಾಡಿ ಒರಗಿಸಿಟ್ಟಂಥ ಒಂದು ಭಾರೀ ತಟ್ಟೆ, ಅದರ ಪಕ್ಕದಲ್ಲಿ ಕಿಟಕಿಯಿಲ್ಲದ ಕಟ್ಟಡ. ಒಳಗೆ ಕಂಪ್ಯೂಟರುಗಳು. ಬೆಂಗಳೂರಿನ ಆಫೀಸುಗಳಿಂದ ಬಂದ ಕಾಗದಪತ್ರವನ್ನೆಲ್ಲ ಅವು ಇಂಟರ್ನೆಟ್ಟಿನಲ್ಲಿ ಅಮೆರಿಕಕ್ಕೆ ಕಳಿಸುತ್ತವಂತೆ, ಅಲ್ಲಿಂದ ಬಂದದ್ದನ್ನು ಹಿಡಿಯುತ್ತವಂತೆ. ಕಂಪ್ಯೂಟರಿಗೆ ಸೆಕೆ ಆಗಬಾರದೆಂದು ಏಸಿ. ಕರೆಂಟು ಹೋದರೆ ಏಸಿ ನಿಲ್ಲಬಾರದೆಂದು ಲಾರಿ ಗಾತ್ರದ ಡೀಸೆಲ್ ಜನರೇಟರು. ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತು ಎಂದು ಹೇಳುವುದಕ್ಕಿಂತ ಎಷ್ಟು ಸಲ ಬರುತ್ತಿತ್ತು ಎಂದು ಹೇಳುವುದು ಸುಲಭ. ಜನರೇಟರು ಬಡಿದುಕೊಳ್ಳುತ್ತಲೇ ಇತ್ತು. ಹೊಗೆ ಬೀದಿಯ ತಾರಸಿಗಳ ಮೇಲೆ, ಅಂದರೆ ಆರಲು ಹಾಕಿದ ಬಿಳಿ ನೂಲಿನ ಮೇಲೆ, ಬಂದು ಕೂರುತ್ತಿತ್ತು.

ಮೊದಲು ಏಟು ಬಿದ್ದದ್ದು ಎದುರು ಮನೆಯ ಅಪ್ಪಯ್ಯಣ್ಣನಿಗೆ. ನಾಲ್ಕು ಮಗ್ಗದ ಯಜಮಾನ, ಮಾತಿನಲ್ಲಿ ಎಂಟು ಮಗ್ಗದಷ್ಟು ಸದ್ದು. ಒಂದು ಮದುವೆ ಮನೆಯವರು ಅವನ ಧಾರೆ ಸೀರೆಯನ್ನು ವಾಪಸು ತಂದು ಜಗುಲಿಯ ಮೇಲೆ ಎಸೆದು ಹೋದರು. ಅವನು ಅದನ್ನು ಎತ್ತಿಕೊಂಡು ಸೀದಾ ಬಣ್ಣದ ಮನೆಗೆ ಬಂದ.

"ಅಣ್ಣಾ, ನೋಡು. ಇದು ನಿನ್ನ ಸೋಪಿನ ತಪ್ಪಾ, ಇಲ್ಲಾ ನನ್ನ ಹಣೆಬರಹವಾ?"

ಮುನಿರಾಮಯ್ಯನವರು ಬಿಸಿಲಿಗೆ ಹಿಡಿದರು. "ಹಳೇ ಪಂಚೆ. ಸೋಪಿಂದಲ್ಲ ಅಪ್ಪಯ್ಯ, ಹೊಗೇದು."

"ಅದನ್ನ ಆ ಬಾಣಲೆ ಕಂಪ್ನಿಯೋರಿಗೆ ಯಾರು ಹೇಳೋರು?"

ಹೇಳಬಲ್ಲವನೊಬ್ಬ ತಾನಾಗಿಯೇ ಬಂದ. ಮುನಿರಾಮಯ್ಯನವರ ದೊಡ್ಡಪ್ಪನ ಮಗಳು ಮುತ್ತಮ್ಮನನ್ನು ರಾಜಘಟ್ಟಕ್ಕೆ ಕೊಟ್ಟಿತ್ತು. ಅವಳ ಮಗ ದೇವೇಂದ್ರ ಇಂಜಿನಿಯರಿಂಗ್ ಓದಿ ಅದೇ ಕಂಪನಿಯಲ್ಲಿ ಸೇರಿದ್ದ. ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಇವರ ಮನೆಯಲ್ಲೇ ಉಂಡು ಬೆಳೆದವನು. ತೊಂಬತ್ತೇಳರ ದೀಪಾವಳಿಗೆ ಬಂದವನು ಕಜ್ಜಾಯ ಮುರಿಯುತ್ತಾ ಹೇಳಿದ:

"ಮಾವ, ಅಮೆರಿಕದ ಒಂದು ಪಾರ್ಟಿ ನಮಗೆ ಕಾಗದ ಬರೆದವ್ರೆ. ಅವ್ರ ಡೇಟಾ ನಮ್ಮಲ್ಲಿ ಹಾದು ಹೋಗೋದ್ರಿಂದ ಗಾಳಿ ಎಷ್ಟು ಕೆಡ್ತೈತೆ ಅಂತ ಅಳೆದು ರಿಪೋರ್ಟ್ ಕೊಡ್ಬೇಕಂತೆ."

"ಅವ್ರಿಗೆ ಯಾಕಂತೆ ನಮ್ಮ ಗಾಳಿ ಚಿಂತೆ?"

"ಅಲ್ಲೆಲ್ಲ ಈಗ ಅದು ಶುರುವಾಗೈತೆ. ಮಸಿ ಅಳೆಯೋ ಯಂತ್ರ ತರಿಸೋಕೆ ಆರು ತಿಂಗಳು ಬೇಕು. ನಂಗೆ ನಿಮ್ಮ ಜ್ಞಾಪಕ ಬಂತು. ದಿನಾ ಒಂದು ಬಿಳೀ ಲಡಿ ತಾರಸಿ ಮೇಲೆ ನೇತಾಕಿ, ಸಂಜೆ ಇಳಿಸಿ, ಯಾವ ಬಿಳಿ ಅಂತ ನೀವು ಹೇಳಿ. ಆವತ್ತು ಎಷ್ಟು ಡೇಟಾ ಹೋಯ್ತು ಅಂತ ನಾನು ಬರ್ಕೊಡ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ರೆ ಲೆಕ್ಕ ಸಿಕ್ತು. ನೀವೇ ನಮ್ಮ ಯಂತ್ರ ಮಾವ."

ಯಂತ್ರ! ನಲವತ್ತು ವರ್ಷದಿಂದ ಹಂಡೆಯ ಮುಂದೆ ನಿಂತ ಮನುಷ್ಯನಿಗೆ ಓದಿದ ಹುಡುಗನೊಬ್ಬ ಇಂಥ ಮಾತು ಹೇಳಿದರೆ ಎದೆ ಉಬ್ಬದೆ ಇರುತ್ತದೆಯೇ? ನಮ್ಮನ್ನು ಯಾರಾದರೂ ಹಾಗಂದಿದ್ದರೆ ನಾವು ವಿಸಿಟಿಂಗ್ ಕಾರ್ಡೇ ಮಾಡಿಸುತ್ತಿದ್ದೆವು. ಮುನಿರಾಮಯ್ಯನವರು ಒಂದು ಕಜ್ಜಾಯ ಹೆಚ್ಚು ಹಾಕಿಸಿದರು, ಅಷ್ಟೆ. ಒಂದು ಮಾತು ಮಾತ್ರ ಕೇಳಿದರು.

"ಇದು ಬರ್ದ್ಮೇಲೆ ಹೊಗೆ ಕಮ್ಮಿ ಆಗ್ತೈತಾ?"

"ಅಳತೆ ಇದ್ರೆ ತಾನೇ ಮಾವ ಯಾರಾದ್ರೂ ಕೇಳೋದು? ಬಾಯ್ ಮಾತು ಯಾರು ಕೇಳ್ತಾರೆ?"

ನವೆಂಬರು ಒಂದರಿಂದ ಲಡಿ ನೇತಾಡತೊಡಗಿತು. ನೂಲು ಕಂಪನಿಯದು. ಪ್ರತಿ ಲಡಿಯ ಕೊರಳಿಗೂ ಮುನಿರಾಮಯ್ಯನವರು ತಮ್ಮ ಮೂರು ಸುತ್ತಿನ ಕೆಂಪು ದಾರದ ಗಂಟು ಹಾಕುತ್ತಿದ್ದರು. ಆ ಗಂಟು ಊರಿನಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಏರಿಸಿ, ಸಂಜೆ ಐದಕ್ಕೆ ಇಳಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಮರುದಿನ ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡುವುದು. ನೋಡಿದ್ದನ್ನು ದೇವೇಂದ್ರ ಕೊಟ್ಟ ಪುಸ್ತಕದಲ್ಲಿ ಬರೆಯುವುದು. ದೇವೇಂದ್ರ ಒಂದರಿಂದ ಏಳು ಅಂಕಿ ಹಾಕಿ ಎಂದಿದ್ದ. ಇವರು "ಮಜ್ಜಿಗೆ" ಎಂದೇ ಬರೆದರು. ಅಂಕಿಗೆ ಬಣ್ಣ ಎಲ್ಲಿದೆ?

ದೇವೇಂದ್ರ ದಿನಾ ಸಂಜೆ ಬಂದು ಆವತ್ತಿನ ಡೇಟಾದ ಚೀಟಿ ಕೊಡುತ್ತಿದ್ದ. ಒಂದು ದಿನ ಇವರು ಕೇಳಿದರು, "ಅಲ್ಲಪ್ಪಾ, ಇದೇನೋ ಎಂಬಿ ಅಂತ ಬರ್ದಿದೀಯಲ್ಲ, ಅದು ತೂಕವಾ, ಉದ್ದವಾ?"

"ಎರಡೂ ಅಲ್ಲ ಮಾವ."

"ತೂಕಾನೂ ಇಲ್ಲ, ಉದ್ದಾನೂ ಇಲ್ಲ. ಅಂಥದನ್ನ ಕಳಿಸೋಕೆ ಇಷ್ಟು ಹೊಗೆಯಾ?"

ಒಳಗಿನಿಂದ ರುಕ್ಮಿಣಮ್ಮ, "ನಿಮ್ಮ ಸಿಟ್ಟಿಗೂ ತೂಕ ಉದ್ದ ಏನೂ ಇಲ್ಲ, ಮನೆ ತುಂಬಾ ಹೊಗೆ ಆಗಲ್ವಾ?" ಎಂದರು. ದೇವೇಂದ್ರ ನಗುತ್ತಾ ಕಾಫಿ ಕುಡಿದು ಹೋದ. ಒಳ್ಳೆಯ ದಿನಗಳು ಅವು.

ತಿಂಗಳೆರಡು ಕಳೆಯುವಷ್ಟರಲ್ಲಿ ಮುನಿರಾಮಯ್ಯನವರಿಗೆ ಒಂದು ವಿದ್ಯೆ ಬಂತು. ಚೀಟಿ ನೋಡದೆ ಲಡಿ ನೋಡಿಯೇ ಅವರು ಹೇಳುತ್ತಿದ್ದರು: "ನಿನ್ನೆ ನಿಮ್ಮ ಡೇಟಾ ಜಾಸ್ತಿ." ಡೇಟಾ ಹೆಚ್ಚಿದ ದಿನ ಯಂತ್ರಗಳೆಲ್ಲ ಒಟ್ಟಿಗೆ ಓಡುತ್ತವೆ, ಏಸಿ ಹೆಚ್ಚು ಬೇಕು, ಜನರೇಟರಿನ ಮೇಲೆ ಹೊರೆ, ಹೊಗೆ ದಪ್ಪ. ವಾರದ ನಡುವೆ ಲಡಿ ಒಲೆಬೂದಿ, ಪಾರಿವಾಳದ ಎದೆ. ಭಾನುವಾರ ಮಜ್ಜಿಗೆ. ಡಿಸೆಂಬರ್ ಇಪ್ಪತ್ತನಾಲ್ಕರಿಂದ ಮಾತ್ರ ಏನೋ ಆಯಿತು. ಲಡಿ ಮಲ್ಲಿಗೆಯಾಗಿಯೇ ಇಳಿಯಿತು. ಮರುದಿನವೂ ಮಲ್ಲಿಗೆ. ಹೊಸ ವರ್ಷದವರೆಗೆ ಒಂಬತ್ತು ದಿನ ಹಾಗೇ.

"ಏನಪ್ಪಾ, ನಿಮ್ಮ ಅಮೆರಿಕದೋರು ಸತ್ಗಿತ್ತೋದ್ರಾ?"

"ಹಬ್ಬ ಮಾವ, ಕ್ರಿಸ್ಮಸ್ಸು. ಎಲ್ಲಾ ರಜ. ನಾವೂ ಮುಕ್ಕಾಲು ಯಂತ್ರ ನಿಲ್ಸಿ, ಜನರೇಟರು ಆಫ್ ಮಾಡಿದೀವಿ."

"ನೋಡೇ ರುಕ್ಮಿಣಿ!" ಎಂದು ಮುನಿರಾಮಯ್ಯನವರು ತಾರಸಿಯಿಂದಲೇ ಕೂಗಿದರು. "ಅವ್ರು ಅಲ್ಲಿ ಹಬ್ಬ ಮಾಡಿದ್ರೆ ನಮ್ಮ ನೂಲು ಇಲ್ಲಿ ಬೆಳ್ಳಗಾಗ್ತೈತೆ!" ಆವತ್ತು ಬೀದಿಯ ಮಿಕ್ಕ ಹದಿನಾರು ಮನೆಗೂ ಹೋಗಿ ಇದನ್ನು ಹೇಳಿಬಂದರು. ಅಪ್ಪಯ್ಯಣ್ಣ, "ಹಂಗಾದ್ರೆ ಅವ್ರಿಗೆ ವರ್ಷವೆಲ್ಲಾ ಹಬ್ಬ ಬರ್ಲಿ ಅಂತ ಹರಕೆ ಹೊರೋಣ" ಎಂದ.

ಜನವರಿ ಕೊನೆಗೆ ತೊಂಬತ್ತು ಲಡಿಯಾಯಿತು. ದೇವೇಂದ್ರ ಜೀಪು ತಂದ. ಮುನಿರಾಮಯ್ಯನವರು ಲಡಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ಪುಸ್ತಕ ಇಟ್ಟು, ಬಿಳೀ ಬಟ್ಟೆಯಲ್ಲಿ ಗಂಟು ಕಟ್ಟಿದರು. ರುಕ್ಮಿಣಮ್ಮ ಬಾಗಿಲ ಮರೆಯಿಂದ ಸನ್ನೆ ಮಾಡಿ ಒಳಗೆ ಕರೆದರು.

"ಒಂದೆರಡು ಇಟ್ಕೊಳ್ರೀ. ಆ ಪಾರಿವಾಳದ್ದು ಒಂದಾದ್ರೂ."

"ಪಾರ್ಟಿ ನೂಲು ಕಣೇ."

"ಪಾರ್ಟಿ ಎಲ್ಲಿ, ನಮ್ಮ ದೇವೇಂದ್ರ ತಾನೇ?"

"ಅವ್ನಾದ್ರೂ ಅಷ್ಟೇ. ಒಂದು ಎಳೆ ಇಟ್ಕೊಂಡ್ರೂ ಕಳ್ತನ."

ಹೇಳಿದ್ದಷ್ಟೇ ಅಲ್ಲ, ಪೆಟ್ಟಿಗೆಯ ತಳ ಗುಡಿಸಿ ಸಿಕ್ಕ ನಾಲ್ಕು ಎಳೆಯನ್ನೂ ಉಂಡೆ ಕಟ್ಟಿ ಗಂಟಿನೊಳಗೆ ಸೇರಿಸಿದರು. ದೇವೇಂದ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ ಜೀಪು ಹತ್ತಿದ.

ಮಾರ್ಚಿನಲ್ಲಿ ಕಂಪನಿಯವರು ಛತ್ರದಲ್ಲಿ ಬೀದಿಯವರ ಸಭೆ ಕರೆದರು. ಡೇಟಾ ಹೆಚ್ಚುತ್ತಿದೆ, ಇನ್ನೂ ಎರಡು ಜನರೇಟರು ಕೂರಿಸಬೇಕು, ಅಕ್ಕಪಕ್ಕದ ಹದಿನೇಳು ಮನೆಯವರ ಒಪ್ಪಿಗೆ ಸಹಿ ಬೇಕು. ಅಪ್ಪಯ್ಯಣ್ಣ ತೋಳು ಮಡಿಸಿಕೊಂಡೇ ಬಂದಿದ್ದ. ಮುನಿರಾಮಯ್ಯನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಇವತ್ತು ತಮ್ಮ ತೊಂಬತ್ತು ಲಡಿ ಮಾತಾಡುತ್ತವೆ. ಎರಡು ಜನರೇಟರು ಬರುವುದಿರಲಿ, ಇರುವ ಒಂದೂ ದೂರ ಹೋಗುತ್ತದೆ ಎಂಬುದು ಅವರ ಲೆಕ್ಕ.

ಟೈ ಕಟ್ಟಿದ ಮ್ಯಾನೇಜರೊಬ್ಬರು ದಪ್ಪ ರಿಪೋರ್ಟು ಎತ್ತಿ ತೋರಿಸಿದರು. ಕಂಪನಿ ಮೂರು ತಿಂಗಳು ಅಳತೆ ಮಾಡಿಸಿದೆ, ಅಳೆದವರು ನಿಮ್ಮದೇ ಬೀದಿಯವರು ಎಂದರು. ಚಪ್ಪಾಳೆ ಬಿತ್ತು. ಆಮೇಲೆ ದೇವೇಂದ್ರ ಒಂದು ಗಾಜಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಒಳಗೆ ಒಂಬತ್ತು ಲಡಿ.

ಅವನು ಒಂದನ್ನು ಎತ್ತಿ ಮುನಿರಾಮಯ್ಯನವರ ಕೈಗೆ ಕೊಟ್ಟ. "ಮಾವ, ಈ ಗಂಟು ಯಾರದು?"

"ನಂದೇ."

"ಇದು ಯಾವ ಬಿಳಿ ಅಂತ ಎಲ್ರಿಗೂ ಕೇಳೋ ಹಂಗೆ ಹೇಳಿ."

ಇಲ್ಲಿಯೇ ನಮ್ಮಂಥವರಾಗಿದ್ದರೆ ಒಂದು ನಿಮಿಷ ಯೋಚಿಸುತ್ತಿದ್ದೆವು. ಯಾಕೆ ಕೇಳುತ್ತಿದ್ದಾನೆ, ಉಳಿದವು ಎಲ್ಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು. ಆದರೆ ಬಿಳಿ ಕೈಗೆ ಬಂದರೆ ಮುನಿರಾಮಯ್ಯನವರ ನಾಲಿಗೆ ತಲೆಯನ್ನು ಕೇಳುವುದಿಲ್ಲ, ಕಣ್ಣನ್ನು ಮಾತ್ರ ಕೇಳುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರು.

"ಮಲ್ಲಿಗೆ."

ಛತ್ರವೆಲ್ಲ ಗುಜುಗುಜು. ದೇವೇಂದ್ರ ಎರಡನೆಯದನ್ನು ಕೊಟ್ಟ. ಅದೂ ಮಲ್ಲಿಗೆ. ಮೂರನೆಯದು ಕೈಗೆ ಬಂದಾಗ ಮುನಿರಾಮಯ್ಯನವರು ಮೇಜಿನ ಮೇಲಿದ್ದ ಲಡಿಗಳನ್ನೆಲ್ಲ ಎಣಿಸಿದರು. ಒಂಬತ್ತು. ಹಬ್ಬದ ಒಂಬತ್ತು.

"ದೇವೇಂದ್ರ, ಮಿಕ್ಕಿದ್ದೆಲ್ಲಿ?"

"ರಿಪೋರ್ಟಲ್ಲಿ ಎಲ್ಲಾ ಸೇರಿಸೈತೆ ಮಾವ. ಹದಿನಾಲ್ಕನೇ ಪುಟ." ಹದಿನಾಲ್ಕನೇ ಪುಟ ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ ಮುನಿರಾಮಯ್ಯನವರ ಪುಸ್ತಕದ ಕೊನೆಯ ಹಾಳೆಯಿಂದ ತೆಗೆದ ಅವರದೇ ಸಹಿ, ಕನ್ನಡದಲ್ಲಿ, ದುಂಡಗೆ, ಕೂತಿತ್ತು.

ಅವರು ಎದ್ದು ಬೀದಿಯವರ ಕಡೆ ತಿರುಗಿದರು. "ಇದು ಸುಳ್ಳಪ್ಪಾ. ಇವು ಒಂಬತ್ತೇ ಹಿಂಗಿದ್ದಿದ್ದು. ಮಿಕ್ಕಿದ್ದು ಎಂಬತ್ತೊಂದು ಕೆಟ್ಟಿದ್ವು. ಅರ್ಧಕ್ಕರ್ಧ ಪಾರಿವಾಳ."

ಮ್ಯಾನೇಜರು ಬಹಳ ವಿನಯದಿಂದ, "ಯಜಮಾನ್ರೇ, ಅಂಥದ್ದು ಒಂದು ತೋರಿಸಿ" ಎಂದರು.

ತೋರಿಸಲು ಏನಿದೆ? ಉದುರಿದ ನಾಲ್ಕು ಎಳೆಯನ್ನೂ ಉಂಡೆ ಕಟ್ಟಿ ಕೊಟ್ಟಾಗಿತ್ತು. "ನಮ್ಮತ್ರ ಇಲ್ಲ. ಪಾರ್ಟಿ ನೂಲು ನಾವು ಇಟ್ಕೊಳ್ಳಲ್ಲ" ಎಂದರು. ಬೇರೆ ಯಾವ ಊರಿನಲ್ಲಾದರೂ ಈ ಮಾತಿಗೆ ಜನ ನಗುತ್ತಿದ್ದರು. ಮಗ್ಗದ ಬೀದಿಯವರು ನಗಲಿಲ್ಲ. ಅದು ನಿಜವೆಂದು ಅವರಿಗೆ ಗೊತ್ತಿತ್ತು. ಆದರೆ ಅವರ ಕಿವಿಯಲ್ಲಿ ಕೂತದ್ದು ಮೊದಲ ಮಾತು, ಮಲ್ಲಿಗೆ.

"ಹಬ್ಬದ ದಿನಗಳವು ಅಪ್ಪಯ್ಯ! ನಿಂಗೇ ಬಂದು ಹೇಳಿರ್ಲಿಲ್ವೇನೋ?"

ಅಪ್ಪಯ್ಯಣ್ಣ ಗೊಂದಲದಲ್ಲಿ ಮೀಸೆ ಎಳೆದುಕೊಂಡ. "ನೀನು ಹೇಳಿದ್ದೆ ಕಣಣ್ಣಾ. ಆದ್ರೆ ಈ ಲಡಿ ಯಾವ ದಿನದ್ದು ಅಂತ ಅದ್ರ ಮೇಲೆ ಬರ್ದೈತಾ? ಇಪ್ಪತ್ತು ವರ್ಷದಿಂದ ನಿನ್ನ ಕಣ್ಣಿಗೆ ನಾವು ಎರಡು ಮಾತು ಆಡಿಲ್ಲ. ಈಗ ನಿನ್ನ ಕಣ್ಣು ಮಲ್ಲಿಗೆ ಅಂತು, ಬಾಯಿ ಪಾರಿವಾಳ ಅಂತೈತೆ. ನಾನು ಯಾವುದನ್ನ ನಂಬ್ಲಿ?"

"ಎರಡೂ ನಿಜ ಕಣೋ."

"ಎರಡೂ ನಿಜ ಹೆಂಗಣ್ಣಾ ಆಗ್ತೈತೆ? ಮೊದ್ಲಿಂದ ನಾವು ನಂಬಿರೋದು ಕಣ್ಣನ್ನೇ." ಅವನು ಮೇಜಿನ ಹತ್ತಿರ ಹೋಗಿ ಸಹಿ ಹಾಕಿದ. ಅವನ ಹಿಂದೆ ಹದಿನೈದು ಜನ. ಹದಿನೇಳನೆಯ ಗೆರೆ ಮುನಿರಾಮಯ್ಯನವರದು. ಅದು ಖಾಲಿ ಉಳಿಯಿತು. ಅವರದು ಬಾಡಿಗೆ ಮನೆಯಾದ್ದರಿಂದ ಮನೆಯೊಡೆಯ ಮರುದಿನ ಹಾಕಿಕೊಟ್ಟ.

ಮೂರು ದಿನ ಬಿಟ್ಟು ಅವರು ಕಂಪನಿಯ ಗೇಟಿಗೆ ಹೋದರು. ದೇವೇಂದ್ರ ಹೊರಗೆ ಬಂದ. ತಲೆ ಎತ್ತಲಿಲ್ಲ, ಆದರೆ ಮಾತು ಸಿದ್ಧವಾಗಿತ್ತು.

"ನಾನು ಒಂದಾದ್ರೂ ಸುಳ್ಳು ಹೇಳಿದ್ನಾ ಮಾವ? ಗಂಟು ನಿಮ್ಮದು, ಬಿಳಿ ನಿಮ್ಮದು. ಅಮೆರಿಕದೋರು ಕೇಳಿದ್ದು, ಒಂದು ಇ-ಮೇಲ್ ಕಳಿಸಿದ್ರೆ ಎಷ್ಟು ಮಸಿ ಆಗ್ತೈತೆ ಅಂತ. ತೊಂಬತ್ತು ದಿನದ ಮಸೀನೆಲ್ಲಾ ಕೂಡಿ, ಹೋದ ಮೇಲ್‌ಗಳಿಗೆ ಭಾಗಿಸ್ದೆ. ಲಕ್ಷಾಂತರ ಮೇಲು. ಒಂದಕ್ಕೆ ಬರೋದು ಲೆಕ್ಕಕ್ಕೇ ಸಿಗಲ್ಲ. ಒಂದು ಎಳೇನ ಸಾವಿರ ಸೀಳು ಮಾಡಿದ್ರೂ ಅಷ್ಟು ಸಣ್ಣದಾಗಲ್ಲ."

"ಮಲ್ಲಿಗೆ ಲಡಿ ಮಾತ್ರ ಯಾಕೆ ತಂದೆ?"

"ಮಾದರಿ ತರ್ಬೇಕು ಅಂದ್ರು. ಆರಿಸಿದ್ದು ಮ್ಯಾನೇಜರು."

"ಪೆಟ್ಟಿಗೆ ಹೊತ್ಕೊಂಡ್ ಬಂದೋನು?"

ದೇವೇಂದ್ರ ಗೇಟಿನ ಚಿಲಕ ತಿರುವತೊಡಗಿದ. ಅವನ ಹಿಂದೆ ಜನರೇಟರು ಬಡಿಯುತ್ತಿತ್ತು. ಮುನಿರಾಮಯ್ಯನವರು ಅದರತ್ತ ಕೈ ತೋರಿಸಿದರು.

"ಮೇಲಿಗೆ ಭಾಗಿಸ್ದೆ, ಸರಿ. ಹದಿನೇಳು ಮನೆಗೆ ಭಾಗಿಸಿದ್ರೆ ಎಷ್ಟು ಬರ್ತಿತ್ತು?"

"ಅದನ್ನ ಅವ್ರು ಕೇಳಿರ್ಲಿಲ್ಲ ಮಾವ."

"ನಾನು ಕೇಳಿದ್ನಲ್ಲಪ್ಪಾ. ಕಜ್ಜಾಯ ತಿನ್ನೋವಾಗ್ಲೇ ಕೇಳಿದ್ದೆ."

ಲಡಿಗಳನ್ನು ವಾಪಸು ಕೇಳಿದರು. ರಿಪೋರ್ಟು ಮುಗಿದ ಮೇಲೆ ಯಂತ್ರ ಒರೆಸಲು ಕೊಟ್ಟರಂತೆ. ರೇಷ್ಮೆ ಚೆನ್ನಾಗಿ ಒರೆಸುತ್ತದೆ ಎಂದು ಒಳಗಿನವರಿಗೆ ಸಂತೋಷವಾಯಿತಂತೆ. ಮುನಿರಾಮಯ್ಯನವರು ಇದನ್ನು ಮನೆಗೆ ಬಂದು ಹೇಳಿದಾಗ ರುಕ್ಮಿಣಮ್ಮ ಎಂದಿನಂತೆ ಏನಾದರೂ ಚುಚ್ಚುತ್ತಾರೆ ಎಂದು ಕಾದರು. ಆಕೆ ಕಾಫಿ ಲೋಟ ತಂದು ಮುಂದಿಟ್ಟರು. ಅದಕ್ಕೇ ಅವರಿಗೆ ಹೆಚ್ಚು ಹೆದರಿಕೆಯಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಜನರೇಟರು ಬಂದು ಕೂತವು. ದಸರೆಯ ಹೊತ್ತಿಗೆ ಬೀದಿಯಲ್ಲಿ ಯಾರೂ ತಾರಸಿಯ ಮೇಲೆ ನೂಲು ಹಾಕುತ್ತಿರಲಿಲ್ಲ. ನಡುಮನೆಯಲ್ಲಿ ಗಳ ಕಟ್ಟಿ ನೂಲು ಆರಹಾಕಿ, ಅದರ ಕೆಳಗೇ ಬಗ್ಗಿ ಓಡಾಡುತ್ತಿದ್ದರು, ಉಣ್ಣುತ್ತಿದ್ದರು. ಐದಾರು ಮನೆಯವರು ಧಾರೆ ಸೀರೆಯನ್ನೇ ಬಿಟ್ಟು ಕಾಫಿ ಬಣ್ಣ, ಮರೂನು ಎಂದು ಗಾಢ ಬಣ್ಣಕ್ಕೆ ತಿರುಗಿದರು. ಮುನಿರಾಮಯ್ಯನವರಿಗೆ ಕೆಲಸಕ್ಕೇನೂ ಕಮ್ಮಿಯಾಗಲಿಲ್ಲ, ಗಾಢ ಬಣ್ಣಕ್ಕೆ ಕುದಿ ಹೆಚ್ಚು. ಹೊಗೆ ಬಂದಾಗಲೆಲ್ಲ ಎದುರು ಜಗುಲಿಯಿಂದ ಯಾರಾದರೂ "ಏನ್ ಮಲ್ಲಿಗೆ ಗುರು ಇವತ್ತು!" ಎನ್ನುತ್ತಿದ್ದರು. ತಮಾಷೆಗೇ ಅನ್ನುತ್ತಿದ್ದರು. ಅವರೂ ನಗುತ್ತಿದ್ದರು. ದೇವೇಂದ್ರನಿಗೆ ಬೆಂಗಳೂರಿಗೆ ವರ್ಗವಾಯಿತೆಂದು ಮುತ್ತಮ್ಮ ಬಂದು ಸಿಹಿ ಕೊಟ್ಟು ಹೋದಳು. ಅದನ್ನು ತಿಂದರು. ಅವಳದೇನು ತಪ್ಪು?

ಕಾರ್ತಿಕದಲ್ಲಿ ಅಪ್ಪಯ್ಯಣ್ಣ ಹೊಸ ನೂಲು ತಂದ. ಒಬ್ಬ ಹಳೇ ಗಿರಾಕಿ ಹಠ ಹಿಡಿದು ಬಿಳೀ ಧಾರೆ ಸೀರೆಯೇ ಬೇಕೆಂದಿದ್ದನಂತೆ. ಲಡಿಗಳನ್ನು ಜಗುಲಿಯ ಮೇಲಿಟ್ಟವನು ಎಂದಿನಂತೆ ಎದ್ದು ಹೋಗಲಿಲ್ಲ. ಒಂದು ಲಡಿ ಬಿಚ್ಚಿ, ಅದರಿಂದ ಐದಾರು ಎಳೆ ಎಳೆದು, ಬೆರಳಿಗೆ ಸುತ್ತತೊಡಗಿದ.

"ಏನದು ಅಪ್ಪಯ್ಯ?"

"ಏನಿಲ್ಲ ಬಿಡಣ್ಣಾ." ಅವನು ಮುಖ ನೋಡಲಿಲ್ಲ. "ಸಾಕ್ಷಿಗೆ ಅಂತ ಒಂದೆರಡು ಎಳೆ ನಮ್ಮತ್ರಾನೇ ಇಟ್ಕೊಳ್ಳೋದು ಒಳ್ಳೇದಂತೆ. ಈಗೆಲ್ರೂ ಹಂಗೇ ಮಾಡ್ತಾವ್ರೆ. ಕೊಟ್ಟಾಗ ಯಾವ ಬಿಳಿ ಇತ್ತು, ಬಂದಾಗ ಯಾವ ಬಿಳಿ ಐತೆ ಅಂತ... ನಾವೇ ನೋಡ್ಕೋಬಹುದು ನೋಡು."

ಪಾತ್ರೆ ತೊಳೆಯುತ್ತಿದ್ದ ರುಕ್ಮಿಣಮ್ಮ ಬಾಗಿಲಿಗೆ ಬಂದರು.

ಮುನಿರಾಮಯ್ಯನವರು ಕೈ ಚಾಚಿ ಆ ಎಳೆಗಳನ್ನು ಇಸಿದುಕೊಂಡರು. ಬಿಸಿಲಿಗೆ ಹಿಡಿದು ನೋಡಿದರು. ಯಾವ ಬಿಳಿ ಎಂದು ಹೇಳಲಿಲ್ಲ. ಅದೇ ಲಡಿಯಿಂದ ಇನ್ನೂ ಹತ್ತು ಎಳೆ ಎಳೆದು ಜೊತೆಗೆ ಸೇರಿಸಿ, ಬಿಗಿಯಾಗಿ ಕಟ್ಟಿ, ಅವನ ಅಂಗೈಯಲ್ಲಿಟ್ಟರು.

"ಇಷ್ಟಾದ್ರೂ ಇರ್ಬೇಕು ಕಣೋ. ತೀರಾ ತೆಳ್ಳಗಿದ್ರೆ ಬಿಳಿ ನಿಮ್ಗೆ ಕಾಣ್ಸಲ್ಲ."